ವಾಚು ವಿಮಾನ ಹತ್ತುವ ಮುನ್ನ

1958ರ ನವೆಂಬರ್ 8ರಂದು ನ್ಯೂಯಾರ್ಕಿನ ವಜ್ರ ವ್ಯಾಪಾರಿ ಹ್ಯಾರಿ ವಿನ್ಸ್‌ಟನ್ ಒಂದು ಪೊಟ್ಟಣವನ್ನು ಅಂಚೆಗೆ ಹಾಕಿಸಿದರು. ಕಂದು ಕಾಗದ ಸುತ್ತಿದ, ಯಾರ ಕಣ್ಣನ್ನೂ ಸೆಳೆಯದ ಸಾದಾ ಪೊಟ್ಟಣ. ಒಳಗಿದ್ದದ್ದು ಗೋಲ್ಕೊಂಡ ಸೀಮೆಯ ಗಣಿಯಿಂದ ಹೊರಟು ಯುರೋಪಿನ ಅರಮನೆಗಳನ್ನು ಸುತ್ತಿ ಬಂದಿದ್ದ ಹೋಪ್ ವಜ್ರ. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಅವರು ಅದನ್ನು ದಾನ ಕೊಟ್ಟಿದ್ದರು. ರಿಜಿಸ್ಟರ್ಡ್ ಅಂಚೆಯಲ್ಲಿ ಹೊರಟ ಪೊಟ್ಟಣ 10ನೇ ತಾರೀಖು ಸುರಕ್ಷಿತವಾಗಿ ತಲುಪಿತು. ಅಂಚೆ ಕಚೇರಿ ಪಡೆದದ್ದು ಒಟ್ಟು 145 ಡಾಲರ್ 29 ಸೆಂಟ್. ಅದರಲ್ಲಿ ಅಂಚೆ ದರ ಬರೀ 2 ಡಾಲರ್ 44 ಸೆಂಟ್. ಉಳಿದ 142 ಡಾಲರ್ 85 ಸೆಂಟ್ ಹತ್ತು ಲಕ್ಷ ಡಾಲರ್‌ಗಳ ವಿಮೆಗೆ. ಆ ಪೊಟ್ಟಣದ ಹೊದಿಕೆ ಈಗ ಅಲ್ಲಿನ ಅಂಚೆ ವಸ್ತುಸಂಗ್ರಹಾಲಯದಲ್ಲಿದೆ.

ಹೊತ್ತೊಯ್ಯುವುದಕ್ಕೆ ಎರಡು ಡಾಲರ್ ಚಿಲ್ಲರೆ, ಹೊಣೆ ಹೊರುವುದಕ್ಕೆ ನೂರ ನಲವತ್ತೆರಡು ಡಾಲರ್. ಇವು ಬೇರೆ ಬೇರೆ ಕೆಲಸ ಎಂಬುದು ಆ ವ್ಯಾಪಾರಿಗೆ ಚೆನ್ನಾಗಿ ಗೊತ್ತಿತ್ತು. ನಾವು ಬೆಲೆಬಾಳುವ ವಾಚೊಂದನ್ನು ಹೊರದೇಶಕ್ಕೆ ಕಳಿಸುವಾಗ ಮರೆಯುವುದು ಇದನ್ನೇ. ಕೊರಿಯರ್ ಕೌಂಟರಿನಲ್ಲಿ ನಾಲ್ಕೈದು ಸಾವಿರ ಕೊಟ್ಟು ರಸೀದಿ ಹಿಡಿದು ಹೊರಬಂದರೆ ವಾಚಿನ ಹೊಣೆಯೂ ಅವರದಾಯಿತು ಎಂದುಕೊಳ್ಳುತ್ತೇವೆ. ಆ ರಸೀದಿಯಲ್ಲಿ ಏನು ಬರೆದಿದೆ, ಯಾವುದನ್ನು ಬರೆಯದೆ ಖಾಲಿ ಬಿಟ್ಟಿದ್ದಾರೆ ಎಂದು ನೋಡುವವರು ಕಡಿಮೆ.

ನಮ್ಮಲ್ಲಿ ವಾಚು ಹೊರಗೆ ಕಳಿಸುವವರು ಯಾರು ಎಂದು ಕೇಳಬಹುದು. ಕರಾವಳಿಯ ಮನೆಗಳಿಗೆ ಹೋಗಿ ನೋಡಿ. ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಕುವೈತ್, ಬಹರೈನ್, ದುಬೈಗೆ ದುಡಿಯಲು ಹೋದವರು ಊರಿಗೆ ಬರುವಾಗ ಕೈಗೆ ಕಟ್ಟಿಕೊಂಡು ಬಂದ ರಾಡೊ, ಒಮೆಗಾ, ಸೀಕೊಗಳು ಇಂದಿಗೂ ಬೀರುಗಳಲ್ಲಿವೆ. ತಂದೆಯ ಒಮೆಗಾವನ್ನು ತಯಾರಿಸಿದ ಕಂಪನಿಯಿಂದಲೇ ರಿಪೇರಿ ಮಾಡಿಸಬೇಕೆಂದು ಮಗ ಆಸೆಪಡುತ್ತಾನೆ. ಅಮೆರಿಕದಲ್ಲಿರುವ ಮಗಳಿಗೆ ಅಜ್ಜನ ವಾಚು ಬೇಕು. ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜನತಾ, ಪೈಲಟ್‌ಗಳನ್ನು ಹುಡುಕುವ ಸಂಗ್ರಾಹಕರು ಈಗ ಜಪಾನಿನಿಂದ ಜರ್ಮನಿಯವರೆಗೂ ಇದ್ದಾರೆ. ಹೊಸದಾಗಿ ವಾಚು ತಯಾರಿಸಿ ಹೊರದೇಶದ ಗಿರಾಕಿಗಳಿಗೆ ಮಾರುವ ಸಣ್ಣ ಕಂಪನಿಗಳೂ ಬೆಂಗಳೂರಿನಲ್ಲಿವೆ. ಕಂಪನಿಗಳಿಗಾದರೆ ಇದೆಲ್ಲ ನೋಡಿಕೊಳ್ಳಲು ಜನ ಇರುತ್ತಾರೆ. ಕಷ್ಟ ಇರುವುದು ಒಂದೇ ಒಂದು ವಾಚನ್ನು, ಜೀವಮಾನದಲ್ಲಿ ಒಂದೇ ಸಲ ಕಳಿಸುವ ಮನೆಯವರಿಗೆ. ಈ ಲೇಖನ ಅವರಿಗಾಗಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಂಗಳೂರಿನ ಮನೆಯೊಂದರಲ್ಲಿ ತಂದೆ ಕುವೈತ್‌ನಲ್ಲಿ ಕೊಂಡ ಒಮೆಗಾ ಕಾನ್ಸ್ಟೆಲೇಷನ್ ಇದೆ. ಚಿನ್ನದ ಕೇಸ್; ಇವತ್ತಿನ ಬೆಲೆ ನಾಲ್ಕು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಅದನ್ನು ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣಕ್ಕೆ, ಅಂದರೆ ಒಮೆಗಾ ಕಂಪನಿಯ ಊರಿಗೆ, ರಿಪೇರಿಗೆ ಕಳಿಸಬೇಕು.

ವಿಮಾನದಲ್ಲಿ ಹೋಗುವ ಪ್ರತಿ ಸರಕಿಗೂ ಏರ್‌ವೇ ಬಿಲ್ ಎಂಬ ಕಾಗದ ಇರುತ್ತದೆ. ಏರ್‌ಲೈನ್ಸ್‌ಗಳು ಬಳಸುವ ಸಾಮಾನ್ಯ ನಮೂನೆಯನ್ನು ಹತ್ತಿರ ಹಿಡಿದು ನೋಡಿದರೆ ಬೆಲೆಗೆ ಸಂಬಂಧಿಸಿದ ಮೂರು ಚೌಕಗಳು ಕಾಣುತ್ತವೆ. ಒಂದು, ಸಾಗಣೆಗಾಗಿ ಘೋಷಿಸಿದ ಬೆಲೆ. ಎರಡು, ಕಸ್ಟಮ್ಸ್‌ಗಾಗಿ ಘೋಷಿಸಿದ ಬೆಲೆ. ಮೂರು, ವಿಮೆಯ ಮೊತ್ತ. ಬಹುಪಾಲು ಬಿಲ್ಲುಗಳಲ್ಲಿ ಮೊದಲ ಚೌಕದೊಳಗೆ ‘ಎನ್‌ವಿಡಿ’ ಎಂಬ ಮೂರಕ್ಷರ ಕೂತಿರುತ್ತದೆ: ಬೆಲೆ ಘೋಷಿಸಿಲ್ಲ ಎಂದರ್ಥ. ಮೂರನೆಯದರಲ್ಲಿ ‘ಎಕ್ಸ್ ಎಕ್ಸ್ ಎಕ್ಸ್’: ವಿಮೆ ಇಲ್ಲ. ಮಧ್ಯದ ಚೌಕದಲ್ಲಿ ಮಾತ್ರ ಒಂದು ಅಂಕಿ. ಇನ್‌ವಾಯ್ಸಿನಲ್ಲಿ ನಾಲ್ಕು ಲಕ್ಷ ಎಂದು ಬರೆದಿದ್ದೇವಲ್ಲ, ಅಷ್ಟಕ್ಕೆ ಅವರು ಹೊಣೆ ಎಂದು ನಂಬಿದವರು ನೋಡಿದ್ದು ಈ ಮಧ್ಯದ ಚೌಕವನ್ನು. ಆದರೆ ಅದು ಸುಂಕದವರ ಲೆಕ್ಕಕ್ಕೆ ಬರೆದ ಅಂಕಿ. ವಾಚು ಕಳೆದುಹೋದರೆ ವಿಮಾನ ಸಂಸ್ಥೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಅವರು ಕೊಡುವುದೆಷ್ಟು? ಅದನ್ನು ನಿರ್ಧರಿಸುವುದು 1999ರ ಮಾಂಟ್ರಿಯಲ್ ಒಪ್ಪಂದ. ಭಾರತ 2009ರಲ್ಲಿ ಅದನ್ನು ಸೇರಿತು. ಸ್ವಿಟ್ಜರ್ಲೆಂಡ್ ಅದಕ್ಕೂ ಮೊದಲೇ ಸೇರಿತ್ತು. ಸರಕು ಕಳೆದರೆ, ಕೆಟ್ಟರೆ ವಿಮಾನ ಸಂಸ್ಥೆಯ ಹೊಣೆ ತೂಕದ ಲೆಕ್ಕದ್ದು. ಮೊದಲು ಕಿಲೋಗೆ 17 ಎಸ್‌ಡಿಆರ್ ಇದ್ದದ್ದು ಕಾಲಕಾಲಕ್ಕೆ ಏರಿ, 2024ರ ಡಿಸೆಂಬರ್ 28ರಿಂದ 26 ಆಗಿದೆ. ಎಸ್‌ಡಿಆರ್ ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ. ಈಚಿನ ದರದಲ್ಲಿ ಹೆಚ್ಚುಕಡಿಮೆ 120 ರೂಪಾಯಿ. ಅಂದರೆ ಕಿಲೋಗೆ ಸುಮಾರು ಮೂರು ಸಾವಿರ. ಮಂಗಳೂರಿನ ಒಮೆಗಾ ಡಬ್ಬಿ, ರಟ್ಟು ಎಲ್ಲ ಸೇರಿ ಅರ್ಧ ಕಿಲೋ ತೂಗಿದರೆ ನಾಲ್ಕು ಲಕ್ಷದ ವಾಚಿಗೆ ಸಿಗುವುದು ಸಾವಿರದ ಐನೂರು ರೂಪಾಯಿ ಚಿಲ್ಲರೆ. ಕಬ್ಬಿಣದ ಬೋಲ್ಟು ತುಂಬಿ ಕಳಿಸಿದ ಅಷ್ಟೇ ತೂಕದ ಡಬ್ಬಕ್ಕೂ ಮಿತಿ ಇಷ್ಟೇ.

ಇದಕ್ಕಿಂತ ಕಠಿಣವಾದದ್ದು ಇನ್ನೊಂದಿದೆ. ಸಾಗಣೆಯವರ ಸಿಬ್ಬಂದಿಯೇ ಕದ್ದರೆ? ಆಗಲಾದರೂ ಪೂರ್ತಿ ಬೆಲೆ ಕೊಡಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಳೆಯ ವಾರ್ಸಾ ಒಪ್ಪಂದದಲ್ಲಿ ಆ ದಾರಿ ತೆರೆದಿತ್ತು. ಬೇಕೆಂದೇ ಮಾಡಿದ ತಪ್ಪು ಸಾಬೀತಾದರೆ ಮಿತಿ ಬಿದ್ದುಹೋಗುತ್ತಿತ್ತು. ಮಾಂಟ್ರಿಯಲ್ ಒಪ್ಪಂದ ಆ ಬಾಗಿಲನ್ನು ಪ್ರಯಾಣಿಕರ ಲಗೇಜಿನ ಮಟ್ಟಿಗೆ ಉಳಿಸಿ, ಸರಕಿನ ಮಟ್ಟಿಗೆ ಮುಚ್ಚಿಬಿಟ್ಟಿತು. ವಿಮೆ ಕಂಪನಿಗಳು ಮತ್ತು ವಿಮಾನ ಸಂಸ್ಥೆಗಳ ನಡುವಿನ ಕೊನೆಯಿಲ್ಲದ ವ್ಯಾಜ್ಯ ತಪ್ಪಲಿ ಎಂಬ ಉದ್ದೇಶ ಅದರ ಹಿಂದಿದೆ. ಬೆಲೆಯ ವಸ್ತು ಕಳಿಸುವವನು ತಾನೇ ವಿಮೆ ಮಾಡಿಸಿರುತ್ತಾನೆ ಎಂಬ ಎಣಿಕೆಯೂ ಇದೆ. ಕೈಗಾರಿಕೆಗಳ ಮಟ್ಟಿಗೆ ಆ ಎಣಿಕೆ ಸರಿ. ತಂದೆಯ ವಾಚು ಕಳಿಸುವ ಮಗನಿಗೆ ಅದನ್ನು ಯಾರೂ ಹೇಳುವುದಿಲ್ಲ ಎಂಬುದೇ ನನ್ನ ತಕರಾರು. ಬಿಲ್ಲಿನ ಹಿಂಬದಿಯಲ್ಲಿ ಓದಲಾಗದ ಅಕ್ಷರದಲ್ಲಿ ಅಚ್ಚು ಮಾಡಿದರೆ ಹೇಳಿದಂತಾಗುವುದಿಲ್ಲ.

ಅಂಚೆಯದು ಬೇರೆಯೇ ಲೋಕ. ಅಂಚೆಯ ಪಾರ್ಸೆಲಿನ ವಿಷಯದಲ್ಲಿ ವಿಮಾನ ಸಂಸ್ಥೆ ಉತ್ತರ ಕೊಡಬೇಕಾದದ್ದು ಅಂಚೆ ಇಲಾಖೆಗೆ ಮಾತ್ರ. ಕಳಿಸಿದವರು ಈ ಒಪ್ಪಂದವನ್ನು ಹಿಡಿದು ವಿಮಾನ ಸಂಸ್ಥೆಯ ಬಾಗಿಲು ತಟ್ಟಲಾಗದು. ವಿಮೆ ಮಾಡಿಸದ ಪತ್ರ-ಪೊಟ್ಟಣಗಳಲ್ಲಿ ಚಿನ್ನ, ಒಡವೆಯಂಥ ಬೆಲೆಯ ವಸ್ತು ಇಡಕೂಡದೆಂದು ವಿಶ್ವ ಅಂಚೆ ಒಕ್ಕೂಟದ ನಿಯಮವೂ ಇದೆ. ಚಿನ್ನದ ಕೇಸಿನ ವಾಚನ್ನು ಸಾದಾ ಪೊಟ್ಟಣದಲ್ಲಿ ಹಾಕಿದವರು ಪರಿಹಾರ ಕೇಳುವ ಮೊದಲೇ ಸೋತಿರುತ್ತಾರೆ.

ಸರಿ, ಮೊದಲ ಚೌಕದಲ್ಲಿ ನಾಲ್ಕು ಲಕ್ಷ ಎಂದೇ ಬರೆಸಿದರೆ? ಒಪ್ಪಂದ ಅದಕ್ಕೆ ಅವಕಾಶ ಕೊಟ್ಟಿದೆ. ಸರಕು ಒಪ್ಪಿಸುವಾಗಲೇ ವಿಶೇಷ ಘೋಷಣೆ ಮಾಡಿ ಹೆಚ್ಚುವರಿ ಹಣ ಕಟ್ಟಿದರೆ ಸಾಗಣೆಯವರ ಹೊಣೆ ಆ ಮೊತ್ತದವರೆಗೆ ಏರುತ್ತದೆ. ಆದರೆ ಪ್ಯಾಕೆಟ್ ಒಯ್ಯುವ ದೊಡ್ಡ ಕೊರಿಯರ್ ಕಂಪನಿಗಳು ವಾಚು, ಒಡವೆಗಳ ವಿಷಯದಲ್ಲಿ ಬಹಳ ಹುಷಾರು. ಕೆಲವರು ಇಂಥ ಮಾಲಿಗೆ ಘೋಷಿಸಬಹುದಾದ ಬೆಲೆಗೆ ಸಣ್ಣದೊಂದು ಮಿತಿ ಹಾಕಿರುತ್ತಾರೆ. ಕೆಲವರು ಇಂತಿಷ್ಟು ಬೆಲೆ ದಾಟಿದ ವಾಚನ್ನು ಒಯ್ಯುವುದೇ ಇಲ್ಲ. ಅದು ಗೊತ್ತಿಲ್ಲದೆ ಬುಕ್ ಮಾಡಿಸಿದರೆ, ಒಯ್ಯಕೂಡದ ಮಾಲು ಕಳಿಸಿದ್ದೀರಿ ಎಂಬ ಒಂದೇ ಸಾಲಿನಲ್ಲಿ ಕ್ಲೇಮು ಮುಗಿದುಹೋಗುತ್ತದೆ. ಇನ್ನೊಂದು ಮಾತು. ಘೋಷಿಸಿದ ಬೆಲೆ ಎಂಬುದು ವಿಮೆಯಲ್ಲ. ಅದು ಸಾಗಣೆಯವರ ಹೊಣೆಯ ಮೇಲ್ಮಿತಿ ಅಷ್ಟೇ. ಅವರ ಹೊಣೆಗಾರಿಕೆಯ ಷರತ್ತುಗಳೆಲ್ಲ ಹಾಗೇ ಇರುತ್ತವೆ. ಪ್ಯಾಕಿಂಗ್ ಸರಿಯಿರಲಿಲ್ಲ, ಯುದ್ಧ ನಡೆಯುತ್ತಿತ್ತು, ಅಧಿಕಾರಿಗಳು ತಡೆದರು ಎಂಬ ರಕ್ಷಣೆಗಳು ಅವರಿಗೆ ಇದ್ದೇ ಇರುತ್ತವೆ.

ವಿಮಾನ ಸರಕಿನಲ್ಲಿ ಬೆಲೆಬಾಳುವ ವಸ್ತುಗಳಿಗೆಂದೇ ‘ವ್ಯಾಲ್’ ಎಂಬ ವರ್ಗವಿದೆ. ಕಿಲೋಗೆ ಸಾವಿರ ಡಾಲರ್ ಅಥವಾ ಹೆಚ್ಚು ಬೆಲೆ ಘೋಷಿಸಿದ ಮಾಲು, ಚಿನ್ನ-ಬೆಳ್ಳಿ-ಪ್ಲಾಟಿನಂನಲ್ಲಿ ಮಾಡಿದ ವಾಚುಗಳು ಇದರಲ್ಲಿ ಸೇರುತ್ತವೆ. ಅವನ್ನು ಗೋದಾಮಿನ ರಾಶಿಯಲ್ಲಿ ಬಿಸಾಡುವುದಿಲ್ಲ. ಬೀಗದ ಕೋಣೆಯಲ್ಲಿಟ್ಟು, ಕೈಯಿಂದ ಕೈಗೆ ಸಹಿ ಮಾಡಿಸಿ ದಾಟಿಸುತ್ತಾರೆ. ದರ ಮಾಮೂಲಿಗಿಂತ ಬಹಳ ಹೆಚ್ಚು. ಈ ದಾರಿಯಲ್ಲಿ ಕೆಲಸ ಮಾಡುವವರು ಬ್ರಿಂಕ್ಸ್, ಮಾಲ್ಕಾ-ಅಮಿತ್, ಫೆರಾರಿಯಂಥ ಭದ್ರ ಸಾಗಣೆ ಸಂಸ್ಥೆಗಳು. ಬೆಂಗಳೂರಿನಲ್ಲೇ ನೆಲೆ ಇರುವ ಸೀಕ್ವೆಲ್ ಲಾಜಿಸ್ಟಿಕ್ಸ್ ಕೂಡ ಚಿನ್ನ-ವಜ್ರ ಸಾಗಿಸುವ ಕೆಲಸದಲ್ಲಿದೆ. ಒಂದೇ ವಾಚಿಗೆ ಇಷ್ಟು ಖರ್ಚು ಅತಿಯಾಯಿತು ಅನ್ನಿಸಬಹುದು. ನನ್ನ ಲೆಕ್ಕದಲ್ಲಿ, ವಾಚಿನ ಬೆಲೆ ಹತ್ತಾರು ಲಕ್ಷ ದಾಟಿದ ಮೇಲೆ ಬೇರೆ ದಾರಿಯನ್ನು ಯೋಚಿಸಲೇಬಾರದು. ನಾಲ್ಕು ಲಕ್ಷದ ಒಮೆಗಾಗೆ ಮೊದಲು ಮಾಡಬೇಕಾದ ಕೆಲಸ ಬೇರೆ: ಆ ಬ್ರ್ಯಾಂಡಿನ ಭಾರತದ ಅಧಿಕೃತ ಸರ್ವಿಸ್ ಸೆಂಟರಿಗೆ ಒಪ್ಪಿಸಿ, ಅವರ ಮೂಲಕವೇ ಬೀಲ್‌ಗೆ ಹೋಗುತ್ತದೆಯೇ ಎಂದು ಕೇಳುವುದು. ಹೋಗುವುದಾದರೆ ಸಾಗಣೆ, ಸುಂಕ, ವಿಮೆ ಅವರ ತಲೆನೋವು. ಆದರೂ ದಾರಿಯಲ್ಲಿ ಹೊಣೆ ಯಾರದು, ಎಷ್ಟು ಮೊತ್ತಕ್ಕೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು.

ಈಗ ವಿಮೆಗೆ ಬರೋಣ. ಹೆಸರು ‘ಮೆರೈನ್’ ಎಂದಿದ್ದರೂ ವಿಮಾನದಲ್ಲಿ ಹೋಗುವ ಸರಕಿಗೂ ಅದೇ ವಿಮೆ. ಲಂಡನ್ ಮಾರುಕಟ್ಟೆಯಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್ ಎಂಬ ಷರತ್ತುಗಳನ್ನು ಜಗತ್ತಿನ ಹೆಚ್ಚಿನ ಪಾಲಿಸಿಗಳು ಅನುಸರಿಸುತ್ತವೆ. ವಿಮಾನ ಸರಕಿಗೆ ಅದರದೇ ‘ಏರ್’ ಆವೃತ್ತಿ ಇದೆ. ‘ಎಲ್ಲ ಅಪಾಯಗಳಿಗೂ’ ಎಂದು ಅದು ಶುರುವಾಗುತ್ತದೆ, ಆಮೇಲೆ ಯಾವುದಕ್ಕೆ ಇಲ್ಲ ಎಂದು ಪಟ್ಟಿ ಕೊಡುತ್ತದೆ. ಓದಬೇಕಾದದ್ದು ಆ ಪಟ್ಟಿ. ವಿಮೆ ಮಾಡಿಸಿದವರೇ ಬೇಕೆಂದು ಮಾಡಿದ ತಪ್ಪಿಗೆ ಇಲ್ಲ. ತಡವಾದದ್ದರಿಂದ ಆದ ನಷ್ಟಕ್ಕೆ ಇಲ್ಲ. ವಸ್ತುವಿನೊಳಗೇ ಇದ್ದ ದೋಷಕ್ಕೆ ಇಲ್ಲ: ಐವತ್ತು ವರ್ಷದ ಎಣ್ಣೆ ಒಣಗಿ ವಾಚು ನಿಂತರೆ ಅದು ಅಪಘಾತವಲ್ಲ. ಸಾಲದ ಪ್ಯಾಕಿಂಗಿನಿಂದ ಆದ ನಷ್ಟಕ್ಕೂ ಇಲ್ಲ. ಮನೆಯವರೇ ಡಬ್ಬಿ ಕಟ್ಟಿದಾಗ ವಿಮೆ ಕಂಪನಿ ಮೊದಲು ಎತ್ತುವ ಆಕ್ಷೇಪ ಈ ಕೊನೆಯದೇ. ಯುದ್ಧ, ಮುಷ್ಕರಗಳಿಗೆ ಬೇರೆ ಷರತ್ತು ಕೇಳಿ ಸೇರಿಸಬೇಕು.

ಮೊತ್ತದ ವಿಷಯದಲ್ಲಿ ಒಂದು ಮಾತನ್ನು ಪಟ್ಟು ಹಿಡಿದು ಕೇಳಬೇಕು. ನಮ್ಮ 1963ರ ಮೆರೈನ್ ವಿಮೆ ಕಾಯ್ದೆ ‘ಮೌಲ್ಯ ನಿಗದಿಯಾದ ಪಾಲಿಸಿ’ಗೆ ಅವಕಾಶ ಕೊಡುತ್ತದೆ. ಪಾಲಿಸಿ ಕೊಡುವಾಗಲೇ ಈ ವಾಚಿನ ಬೆಲೆ ನಾಲ್ಕು ಲಕ್ಷ ಎಂದು ಇಬ್ಬರೂ ಒಪ್ಪಿ ಬರೆದುಕೊಂಡರೆ, ಮೋಸವಿಲ್ಲದಿದ್ದರೆ, ನಷ್ಟವಾದ ಮೇಲೆ ಆ ಅಂಕಿಯ ಬಗ್ಗೆ ಚರ್ಚೆ ಇಲ್ಲ. ಹಾಗೆ ಬರೆಸದಿದ್ದರೆ ಸರ್ವೇಯರ್ ಬಂದು, ತಂದೆ 1976ರಲ್ಲಿ ಕೊಟ್ಟ ದಿನಾರ್ ಎಷ್ಟು, ಇಷ್ಟು ವರ್ಷ ಹಳತಾದದ್ದಕ್ಕೆ ಎಷ್ಟು ಕಳೆಯಬೇಕು ಎಂದು ಲೆಕ್ಕ ಹಾಕಲು ಕೂರುತ್ತಾನೆ. ಹಳೆಯ ವಾಚಿಗೆ ವಯಸ್ಸಾದಂತೆ ಬೆಲೆ ಏರುತ್ತದೆ ಎಂಬುದನ್ನು ಆಮೇಲೆ ವಾದಿಸಿ ಗೆಲ್ಲುವುದು ಕಷ್ಟ. ಅದಕ್ಕಾಗಿ ಕಳಿಸುವ ಮೊದಲೇ ಹಳೆಯ ವಾಚುಗಳನ್ನು ಬಲ್ಲ ಮೌಲ್ಯಮಾಪಕರಿಂದ ಬರಹದಲ್ಲಿ ಬೆಲೆ ಕಟ್ಟಿಸಬೇಕು. ಡಯಲ್ ಬದಲಾಗಿದ್ದರೆ, ಮತ್ತೆ ಬಣ್ಣ ಬಳಿಸಿದ್ದರೆ ಅದನ್ನೂ ಬರೆಸಬೇಕು. ಎಲ್ಲ ವಿವರವನ್ನೂ ಮುಚ್ಚಿಡದೆ ಹೇಳುವುದು ಈ ವಿಮೆಯ ಮೂಲ ಷರತ್ತು. ಮುಚ್ಚಿಟ್ಟದ್ದು ಗೊತ್ತಾದರೆ ಪಾಲಿಸಿಯೇ ರದ್ದಾಗಬಹುದು.

ಇನ್ನೊಂದು ಕಡೆ ಹೆಚ್ಚಿನವರು ಎಡವುತ್ತಾರೆ. ರಿಪೇರಿಗೆ ಹೋಗುವ ವಾಚಿಗೆ ಇರುವುದು ಒಂದು ಪ್ರಯಾಣವಲ್ಲ, ಮೂರು ಘಟ್ಟ: ಹೋಗುವುದು, ಅಲ್ಲಿ ಇರುವುದು, ಬರುವುದು. ಸಾಗಣೆಯ ವಿಮೆ ವಾಚು ವಿಳಾಸಕ್ಕೆ ತಲುಪಿದ ಕೂಡಲೇ ಮುಗಿಯುತ್ತದೆ. ವಿಮಾನದಿಂದ ಇಳಿದು ಕಸ್ಟಮ್ಸ್‌ನಲ್ಲೇ ಸಿಕ್ಕಿಕೊಂಡರೆ, ಏರ್ ಷರತ್ತುಗಳ ಪ್ರಕಾರ, ಇಳಿಸಿದ ದಿನದಿಂದ 30 ದಿನಕ್ಕೆ ಮುಗಿಯುತ್ತದೆ. ಹಳೆಯ ವಾಚಿನ ಪೂರ್ತಿ ರಿಪೇರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನ ಬೀಲ್‌ನ ಕಪಾಟಿನಲ್ಲಿರುವ ವಾಚಿಗೆ ಹೊಣೆ ಯಾರು? ಸರ್ವಿಸ್ ಸೆಂಟರಿನ ವಿಮೆ ಅದಕ್ಕೆ ಅನ್ವಯಿಸುತ್ತದೆಯೇ? ವಾಪಸು ಕಳಿಸುವಾಗ ಯಾವ ಬೆಲೆಗೆ ವಿಮೆ ಮಾಡುತ್ತಾರೆ? ಎಷ್ಟೋ ಸಲ ವಾಪಸಿನ ಡಬ್ಬಿಯ ಮೇಲೆ ರಿಪೇರಿ ಬಿಲ್ಲಿನ ಮೊತ್ತ ಮಾತ್ರ ಇರುತ್ತದೆ. ಹೋಗುವಾಗ ನಾಲ್ಕು ಲಕ್ಷಕ್ಕೆ ಕಾವಲಿದ್ದ ವಾಚು ಬರುವಾಗ ಎಂಬತ್ತು ಸಾವಿರದ್ದಾಗಿರುತ್ತದೆ. ಈ ಮೂರು ಪ್ರಶ್ನೆಗೂ ವಾಚು ಕೈಬಿಡುವ ಮೊದಲೇ ಲಿಖಿತ ಉತ್ತರ ತರಿಸಿಕೊಳ್ಳಿ.

ಮನೆಯ ವಿಮೆಯಲ್ಲಿ ಒಡವೆ-ವಸ್ತುಗಳಿಗೆ ಕವರ್ ಇದೆಯಲ್ಲ ಎಂದು ಕೆಲವರು ನಿಶ್ಚಿಂತರಾಗಿರುತ್ತಾರೆ. ಅದು ಮೈಮೇಲೆ ಧರಿಸಿದಾಗ, ಬೀರುವಿನಲ್ಲಿದ್ದಾಗ ಇರಬಹುದು. ಕೊರಿಯರ್ ಕೈಗೆ ಕೊಟ್ಟ ಮೇಲೂ ಇದೆಯೇ ಎಂದು ಕೇಳಿ. ಬಹಳ ಪಾಲಿಸಿಗಳಲ್ಲಿ ಇರುವುದಿಲ್ಲ. ಅಮೆರಿಕದ ಸಂಗ್ರಾಹಕರಿಗೆ ಸಿಗುವ ವಾಚಿನ ವಿಮೆಯನ್ನು ಇಲ್ಲಿಂದಲೇ ಕೊಳ್ಳುವ ಯೋಚನೆಯೂ ಬೇಡ. ಭಾರತದಲ್ಲಿರುವ ಆಸ್ತಿಗೆ ವಿದೇಶಿ ವಿಮಾದಾರರಲ್ಲಿ ನೇರವಾಗಿ ವಿಮೆ ಮಾಡಿಸಲು ನಮ್ಮ ವಿಮಾ ಪ್ರಾಧಿಕಾರದ ಅನುಮತಿ ಬೇಕು.

ಕೊರಿಯರ್ ಕೌಂಟರಿನಲ್ಲಿ ಸಿಗುವ ಸಲಹೆ ಮಾತ್ರ ಬಹಳ ಸಲೀಸು. “ಗಿಫ್ಟ್ ಅಂತ ಹಾಕಿ ಸಾರ್, ಐದು ಸಾವಿರ ಅಂತ ಬರೀರಿ, ಏನೂ ಆಗಲ್ಲ.” ಹೇಳುವವನ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ, ಆ ಕಡೆ ಸುಂಕ ಉಳಿಯಲಿ ಎಂಬ ಕಾಳಜಿ. ಆದರೆ ಆ ಐದು ಸಾವಿರ ಎಂಬ ಅಂಕಿ ಆಮೇಲೆ ಎಲ್ಲ ಕಡೆಯೂ ಎದುರಾಗುತ್ತದೆ. ಕಳೆದುಹೋದರೆ ವಿಮೆಯವರು ತೋರಿಸುವುದು ಅದನ್ನೇ: ಕಸ್ಟಮ್ಸ್‌ಗೆ ಐದು ಸಾವಿರ, ನಮಗೆ ನಾಲ್ಕು ಲಕ್ಷ, ಎರಡರಲ್ಲಿ ಯಾವುದು ಸುಳ್ಳು? ಆ ಕಡೆಯ ಕಸ್ಟಮ್ಸ್‌ನವರು ಡಬ್ಬಿ ಬಿಚ್ಚಿ ಒಮೆಗಾ ಎಂಬ ಹೆಸರು ಓದಿದರೆ ದಂಡ, ಮುಟ್ಟುಗೋಲು. ವಾಪಸು ಬರುವಾಗ ನಮ್ಮ ಕಸ್ಟಮ್ಸ್‌ನವರ ಮುಂದೆ, ಐದು ಸಾವಿರದ ವಾಚಿಗೆ ಎಂಬತ್ತು ಸಾವಿರದ ರಿಪೇರಿಯೇ ಎಂಬ ಪ್ರಶ್ನೆ. ಇನ್‌ವಾಯ್ಸ್, ಏರ್‌ವೇ ಬಿಲ್, ಕಸ್ಟಮ್ಸ್ ಕಾಗದ, ಪಾಲಿಸಿ, ಈ ನಾಲ್ಕರಲ್ಲೂ ಒಂದೇ ಬೆಲೆ, ಒಂದೇ ವಿವರ, ಒಂದೇ ಸೀರಿಯಲ್ ನಂಬರ್ ಇರಬೇಕು. ಇಡೀ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ ಎನ್ನುತ್ತೇನೆ. ನಿಜವಾಗಿಯೂ ಉಡುಗೊರೆಯಾದರೆ ಉಡುಗೊರೆ ಎಂದೇ ಬರೆಯಿರಿ, ಬೆಲೆಯನ್ನು ಮಾತ್ರ ಸರಿಯಾಗಿ ಬರೆಯಿರಿ. ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಉಡುಗೊರೆ ಕಳಿಸಲು ನಮ್ಮ ವಿದೇಶ ವ್ಯಾಪಾರ ನೀತಿಯಲ್ಲೇ ಅವಕಾಶವಿದೆ.

ಸೀರಿಯಲ್ ನಂಬರಿನ ಮಹತ್ವ ತಿಳಿಯುವುದು ವಾಚು ವಾಪಸು ಬಂದಾಗ. ಭಾರತಕ್ಕೆ ಬರುವ ಕೈಗಡಿಯಾರಕ್ಕೆ ಸಾಮಾನ್ಯ ದರದಲ್ಲಿ ಶೇ 20 ಮೂಲ ಸುಂಕ, ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಸರ್‌ಚಾರ್ಜ್, ಎಲ್ಲ ಸೇರಿದ ಮೇಲೆ ಶೇ 18 ಐಜಿಎಸ್‌ಟಿ. ಒಟ್ಟು ನೂರಕ್ಕೆ ನಲವತ್ತನಾಲ್ಕರ ಹತ್ತಿರ. ನಾಲ್ಕು ಲಕ್ಷದ ವಾಚಿಗೆ ಒಂದೂಮುಕ್ಕಾಲು ಲಕ್ಷ! 2025ರ ಅಕ್ಟೋಬರ್ 1ರಂದು ಜಾರಿಗೆ ಬಂದ, ಸ್ವಿಟ್ಜರ್ಲೆಂಡ್ ಸೇರಿದ ಎಫ್ಟಾ ಗುಂಪಿನ ದೇಶಗಳೊಂದಿಗಿನ ವ್ಯಾಪಾರ ಒಪ್ಪಂದದಿಂದ ಸ್ವಿಸ್ ವಾಚುಗಳ ಸುಂಕ ಹಂತಹಂತವಾಗಿ ಇಳಿಯಲಿದೆ ನಿಜ. ಅದು ಅಲ್ಲಿಂದ ಹೊಸದಾಗಿ ಬರುವ ಮಾಲಿಗೆ, ಮೂಲದ ಪ್ರಮಾಣಪತ್ರದೊಂದಿಗೆ. ನಮ್ಮ ಮನೆಯ ವಾಚಿಗೆ ಬೇಕಾದದ್ದು ಬೇರೆ ರಿಯಾಯಿತಿ. ರಿಪೇರಿಗೆಂದು ಹೋಗಿ ಗೊತ್ತಾದ ಅವಧಿಯೊಳಗೆ ವಾಪಸು ಬಂದ ವಸ್ತುವಿಗೆ ಪೂರ್ತಿ ಬೆಲೆಯ ಮೇಲೆ ಸುಂಕವಿಲ್ಲ. ರಿಪೇರಿಯ ನ್ಯಾಯವಾದ ವೆಚ್ಚ, ಹೋಗಿಬರುವ ಸಾಗಣೆ, ವಿಮೆ, ಇಷ್ಟರ ಮೇಲೆ ಮಾತ್ರ. ಮುಖ್ಯ ಷರತ್ತು: ಹೋದದ್ದೂ ಬಂದದ್ದೂ ಅದೇ ವಾಚು ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ಹೋಗುವಾಗ ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್ಲಿನಲ್ಲಿ ‘ರಿಪೇರಿಗಾಗಿ, ವಾಪಸು ಬರಲಿದೆ’ ಎಂಬ ಮಾತು ಮತ್ತು ಕೇಸಿನ, ಮಷೀನಿನ ನಂಬರು ಇದ್ದರೆ ಮುಗಿಯಿತು. ಇಲ್ಲದಿದ್ದರೆ ನಾವು ಎಷ್ಟು ಹೇಳಿದರೂ ಅದು ಬಾಯಿಮಾತು. ಇದನ್ನು ಮಾಡಿಕೊಡಲು ಕಸ್ಟಮ್ಸ್ ಬ್ರೋಕರ್‌ಗಳಿದ್ದಾರೆ. ಅವರಿಗೆ ಕೊಡುವ ಫೀಸು ದಂಡವಲ್ಲ. ಇದೇ ನಿಯಮದ ಸರಳ ರೂಪ ಪ್ರಯಾಣಿಕರಿಗೂ ಇದೆ. ದುಬಾರಿ ವಾಚು ಕಟ್ಟಿಕೊಂಡು ವಿದೇಶಕ್ಕೆ ಹೋಗುವವರು ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆದರೆ ಬರುವಾಗ ಕೊಂಡುತಂದದ್ದೋ ಎಂಬ ಪ್ರಶ್ನೆ ಏಳುವುದಿಲ್ಲ.

ಕೆಲವು ವಾಚುಗಳನ್ನು ಕಳಿಸುವ ಮೊದಲು ಇನ್ನೂ ಎರಡು ಕಾನೂನು ನೋಡಬೇಕು. ಪಟ್ಟಿ ಮೊಸಳೆ, ಅಲಿಗೇಟರ್, ಹೆಬ್ಬಾವಿನ ಚರ್ಮದ್ದಾದರೆ ವನ್ಯಜೀವಿ ವ್ಯಾಪಾರದ ಸೈಟ್ಸ್ ಒಪ್ಪಂದದಡಿ ಪರವಾನಗಿ ಬೇಕು. ಪಟ್ಟಿ ಬಿಚ್ಚಿ ಮನೆಯಲ್ಲೇ ಇಟ್ಟು ವಾಚನ್ನು ಮಾತ್ರ ಕಳಿಸುವುದು ಲೇಸು. ಎರಡನೆಯದು ಇನ್ನೂ ಮುಖ್ಯ, ಆದರೆ ತಿಳಿದವರು ಬಹಳ ಕಡಿಮೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ, ಐತಿಹಾಸಿಕ ಆಸಕ್ತಿಯ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಮುತ್ತಾತ ರೈಲ್ವೆಯಲ್ಲಿದ್ದಾಗ ಇಟ್ಟುಕೊಂಡಿದ್ದ ವೆಸ್ಟ್ ಎಂಡ್ ಜೇಬು ಗಡಿಯಾರ, ಫಾವ್ರ್-ಲ್ಯೂಬಾ ಕಂಪನಿಯ ಮುಂಬಯಿ ಅಂಗಡಿಯಿಂದ ಬಂದ ಬೆಳ್ಳಿ ಗಡಿಯಾರ ಎಂದರೆ ನೂರು ವರ್ಷ ಆಗಿರುವ ಸಾಧ್ಯತೆ ಇದ್ದೇ ಇದೆ. ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ತೋರಿಸಿ, ಇದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದೇ ಕಳಿಸಬೇಕು. ಸಿಗದಿದ್ದರೆ ಅದು ಇಲ್ಲೇ ಉಳಿಯಲಿ. ಅಂಥ ಗಡಿಯಾರ ಈ ನೆಲದಲ್ಲೇ ಉಳಿಯುವುದರಲ್ಲಿ ನನಗೆ ಬೇಸರವೇನೂ ಇಲ್ಲ.

ಅಮೆರಿಕಕ್ಕೆ ಕಳಿಸುವವರ ಲೆಕ್ಕ 2025ರಲ್ಲಿ ತಲೆಕೆಳಗಾಯಿತು. 800 ಡಾಲರ್‌ವರೆಗಿನ ಮಾಲಿಗೆ ಇದ್ದ ಸುಂಕ ವಿನಾಯಿತಿ ಆಗಸ್ಟ್ 29ಕ್ಕೆ ಕೊನೆಯಾಯಿತು. ಸುಂಕ ವಸೂಲಿಯ ವ್ಯವಸ್ಥೆ ಸ್ಪಷ್ಟವಿಲ್ಲದೆ ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಅಲ್ಲಿಗೆ ಪಾರ್ಸೆಲ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿತು. ಅಲ್ಲಿನ ದರಗಳು ಆಗಾಗ ಬದಲಾಗುವುದರಿಂದ ಕಳಿಸುವ ವಾರದಲ್ಲೇ ಕೇಳಿ ತಿಳಿಯಬೇಕು. ಒಂದು ಅಂಶ ಮಾತ್ರ ಸ್ಥಿರ: ಅಮೆರಿಕದ ಕಸ್ಟಮ್ಸ್ ವಾಚಿನ ಮೂಲ ದೇಶವನ್ನು ನೋಡುವುದು ಅದರ ಮಷೀನು ಎಲ್ಲಿ ಜೋಡಣೆಯಾಯಿತು ಎಂಬುದರಿಂದ. ಮಂಗಳೂರಿನಿಂದ ಹೊರಟರೂ ಸ್ವಿಸ್ ಮಷೀನಿನ ವಾಚು ಅವರ ಲೆಕ್ಕದಲ್ಲಿ ಸ್ವಿಟ್ಜರ್ಲೆಂಡಿನದೇ. ಕಾಗದದಲ್ಲಿ ‘ಮೂಲ: ಭಾರತ’ ಎಂದು ರೂಢಿಯಂತೆ ಬರೆದುಬಿಟ್ಟರೆ ದರವೂ ತಪ್ಪಾಗುತ್ತದೆ, ಘೋಷಣೆಯೂ ತಪ್ಪಾಗುತ್ತದೆ. ಕೊಲ್ಲಿ ದೇಶಗಳದು ಅಷ್ಟು ತೊಡಕಿಲ್ಲ. ಅಲ್ಲಿ ಸಾಮಾನ್ಯವಾಗಿ ಶೇ 5 ಸುಂಕ, ವ್ಯಾಟ್ ಇರುವ ದೇಶಗಳಲ್ಲಿ ಜೊತೆಗೆ ಅದೂ.

ಡಬ್ಬಿ ಕಟ್ಟುವ ಕೆಲಸವನ್ನು ಹಗಲು ಬೆಳಕಿನಲ್ಲಿ, ಮೇಜಿನ ಮೇಲೆ, ಫೋನಿನ ಕ್ಯಾಮೆರಾ ಚಾಲೂ ಇಟ್ಟುಕೊಂಡು ಮಾಡಿ. ಮೊದಲು ಕೀಲಿ ಕೊಡುವ ಗುಂಡಿಯನ್ನು, ಅಂದರೆ ಕ್ರೌನನ್ನು, ಪೂರ್ತಿ ಒಳಗೊತ್ತಿ. ತಿರುಗಿಸಿ ಬಿಗಿಸುವಂಥದ್ದಾದರೆ ಬಿಗಿಸಿ. ಲೋಹದ ಚೈನಿದ್ದರೆ ಅದರ ಕೊಂಡಿ ವಾಚಿನ ಬೆನ್ನಿಗೆ ತಾಗಿ ಗೀರುವುದೇ ಹೆಚ್ಚು, ಆದ್ದರಿಂದ ಕೊಂಡಿಗೂ ಬೆನ್ನಿಗೂ ನಡುವೆ ಮೆತ್ತನೆಯ ಬಟ್ಟೆ ಅಥವಾ ಫೋಮಿನ ತುಂಡು ಇಡಿ. ವಾಚನ್ನು ದಿಂಬಿನಂಥ ಸುರುಳಿಗೆ ಕಟ್ಟಿ, ಬಬಲ್ ರ‍್ಯಾಪ್ ಸುತ್ತಿ, ಗಟ್ಟಿ ಸಣ್ಣ ಡಬ್ಬಿಯಲ್ಲಿ ಕೂರಿಸಿ. ಅಲುಗಾಡಿಸಿದರೆ ಸದ್ದು ಬರಬಾರದು. ಹಾಗೆಂದು ಕ್ರೌನನ್ನೋ ಗ್ಲಾಸನ್ನೋ ಒತ್ತುವಷ್ಟು ಬಿಗಿಯೂ ಬೇಡ. ಆ ಡಬ್ಬಿಯನ್ನು ಸುತ್ತ ಎರಡು ಬೆರಳು ಜಾಗ ಬಿಟ್ಟು ಹೊಸ ರಟ್ಟಿನ ಪೆಟ್ಟಿಗೆಯೊಳಗಿಟ್ಟು ತುಂಬಿ. ಸೀಕೊ, ಒಮೆಗಾ ಎಂಬ ಹೆಸರು, ಲಾಂಛನ ಹೊರಗೆ ಎಲ್ಲೂ ಕಾಣಬಾರದು. ಕಂಪನಿಯ ಚೆಂದದ ಮೂಲ ಪೆಟ್ಟಿಗೆ ರಿಪೇರಿಗೆ ಬೇಕಿಲ್ಲ, ಮನೆಯಲ್ಲೇ ಇರಲಿ. ಬ್ಯಾಟರಿ ವಾಚಾದರೆ ಸೆಲ್ ಒಳಗೇ ಇರಲಿ. ಬಿಡಿ ಲಿಥಿಯಂ ಸೆಲ್ ಜೊತೆಗಿಟ್ಟರೆ ಅಪಾಯಕಾರಿ ಸರಕಿನ ನಿಯಮ ಅನ್ವಯಿಸುತ್ತದೆ. ಎಲ್ಲ ಅಂಚಿಗೂ ಟೇಪು ಹಚ್ಚಿ, ಟೇಪಿನ ಮೇಲೆ ರಟ್ಟಿಗೂ ದಾಟುವಂತೆ ಸಹಿ ಹಾಕಿ.

ಆಮೇಲೆ ತೂಕ. ಗ್ರಾಮಿನ ಲೆಕ್ಕ ತೋರಿಸುವ ತಕ್ಕಡಿಯಲ್ಲಿಟ್ಟು ಅಂಕಿಯ ಸಮೇತ ಚಿತ್ರ ತೆಗೆಯಿರಿ. ಕೌಂಟರಿನವರು ತೂಗಿದ ಅಂಕಿಯೂ ಬಿಲ್ಲಿನಲ್ಲಿ ಬರುವಂತೆ ನೋಡಿಕೊಳ್ಳಿ. ವಾಚಿನ ಕಳ್ಳತನದಲ್ಲಿ ಇಡೀ ಡಬ್ಬಿ ಮಾಯವಾಗುವುದು ಮಾತ್ರವಲ್ಲ, ಡಬ್ಬಿ ತಲುಪಿ ಒಳಗೆ ವಾಚು ಇಲ್ಲದಿರುವುದೂ ಉಂಟು. ಆಗ ಕಳಿಸಿದವರು ಹಾಕಲೇ ಇಲ್ಲ ಎಂಬ ಮಾತು ಏಳುತ್ತದೆ. ಮಂಗಳೂರಿನಲ್ಲಿ 512 ಗ್ರಾಂ ಇದ್ದದ್ದು ಜ್ಯೂರಿಕ್‌ನಲ್ಲಿ 430 ಆಗಿದ್ದರೆ ಎಲ್ಲಿ ಕಳೆಯಿತು ಎಂಬುದನ್ನು ಆ ಎರಡು ಅಂಕಿಗಳೇ ಹೇಳುತ್ತವೆ. ಪಡೆಯುವವರಿಗೂ ಮೊದಲೇ ಹೇಳಿಡಿ: ಸಹಿ ಮಾಡುವ ಮುನ್ನ ಟೇಪು, ಅಂಚು ನೋಡಬೇಕು, ತೂಗಬೇಕು, ಬಿಚ್ಚುವುದನ್ನು ಚಿತ್ರೀಕರಿಸಬೇಕು. ಏನಾದರೂ ಅನುಮಾನವಿದ್ದರೆ ಡೆಲಿವರಿ ಕಾಗದದ ಮೇಲೇ ಬರೆಯಬೇಕು. ದೂರಿಲ್ಲದೆ ತೆಗೆದುಕೊಂಡರೆ ಸರಕು ಸುಸ್ಥಿತಿಯಲ್ಲಿ ತಲುಪಿತು ಎಂದೇ ಮಾಂಟ್ರಿಯಲ್ ಒಪ್ಪಂದ ಮೇಲ್ನೋಟಕ್ಕೆ ಭಾವಿಸುತ್ತದೆ.

ಎಲ್ಲ ವಾಚಿಗೂ ಇಷ್ಟು ಸಿದ್ಧತೆ ಬೇಡ. ಎರಡು ಮೂರು ಸಾವಿರದ ಎಚ್‌ಎಂಟಿ ಜನತಾವನ್ನು ಜರ್ಮನಿಗೆ ಕಳಿಸುವಾಗ ಸಾಗಣೆಯ ಖರ್ಚೇ ವಾಚಿನ ಬೆಲೆಯ ಹತ್ತಿರ ಬರುತ್ತದೆ. ಅದಕ್ಕೆ ಪ್ರತ್ಯೇಕ ಪಾಲಿಸಿ ಮಾಡಿಸುವುದು ವ್ಯರ್ಥ. ಚೆನ್ನಾಗಿ ಪ್ಯಾಕ್ ಮಾಡಿ, ಟ್ರ್ಯಾಕಿಂಗ್ ಇರುವ ಸೇವೆಯಲ್ಲಿ ಸರಿಯಾದ ಬೆಲೆ ಬರೆದು ಕಳಿಸಿದರೆ ಸಾಕು. ಆದರೆ ಅದೇ ಜನತಾ ತಾತ ನಿವೃತ್ತರಾದ ದಿನ ಕಾರ್ಖಾನೆಯವರು ಕೊಟ್ಟದ್ದಾದರೆ, ಹಿಂದೆ ಹೆಸರು ಕೆತ್ತಿದ್ದರೆ, ಯಾವ ವಿಮೆಯೂ ಅದನ್ನು ತುಂಬಿಕೊಡಲಾರದು. ಅಂಥದ್ದನ್ನು ಮನೆಯ ಯಾರಾದರೂ ಕೈಗೆ ಕಟ್ಟಿಕೊಂಡೇ ಹೋಗಬೇಕು. ಲಗೇಜಿನಲ್ಲಿ ಹಾಕಿ ಚೆಕ್ ಇನ್ ಮಾಡಬಾರದು: ಅಲ್ಲಿಯ ಹೊಣೆಗೂ ಪ್ರಯಾಣಿಕರೊಬ್ಬರಿಗೆ 1,519 ಎಸ್‌ಡಿಆರ್ ಎಂಬ ಮಿತಿ ಇದೆ, ಬೆಲೆಯ ವಸ್ತುಗಳನ್ನು ಲಗೇಜಿನಲ್ಲಿ ಇಡಬೇಡಿ ಎಂದು ವಿಮಾನ ಸಂಸ್ಥೆಗಳು ಷರತ್ತಿನಲ್ಲೇ ಹೇಳಿರುತ್ತವೆ.

ಅಷ್ಟೆಲ್ಲ ಮಾಡಿಯೂ ನಷ್ಟವಾದರೆ ದಿನಗಳು ಬಹಳ ಬೇಗ ಓಡುತ್ತವೆ. ಹಾನಿಯಾಗಿದ್ದರೆ ವಿಮಾನ ಸಂಸ್ಥೆಗೆ 14 ದಿನದೊಳಗೆ, ತಡವಾಗಿದ್ದರೆ 21 ದಿನದೊಳಗೆ ಬರವಣಿಗೆಯಲ್ಲಿ ದೂರು ಹೋಗಬೇಕು. ತಲುಪಬೇಕಾದ ದಿನ ಕಳೆದು ಏಳು ದಿನವಾದರೂ ಬಾರದಿದ್ದರೆ ಕಳೆದುಹೋಯಿತು ಎಂದು ಕ್ಲೇಮು ಹೂಡಬಹುದು. ದಾವೆಗೆ ಎರಡು ವರ್ಷದ ಗಡುವು. ಕೊರಿಯರ್ ಕಂಪನಿಗಳ ಸ್ವಂತ ಷರತ್ತುಗಳಲ್ಲಿ ಇದಕ್ಕಿಂತ ಬೇರೆ ಗಡುವು ಇರಬಹುದು, ಅದನ್ನು ಬುಕ್ ಮಾಡುವಾಗಲೇ ಬರೆದಿಟ್ಟುಕೊಳ್ಳಿ. ವಿಮೆ ಇದೆಯಲ್ಲ, ಸಾಗಣೆಯವರಿಗೆ ಯಾಕೆ ಬರೆಯಬೇಕು ಎಂದು ಸುಮ್ಮನಿರಬಾರದು. ವಿಮೆ ಕಂಪನಿ ನಮಗೆ ಹಣ ಕೊಟ್ಟ ಮೇಲೆ ನಮ್ಮ ಹಕ್ಕನ್ನು ತಾನು ಪಡೆದು ಸಾಗಣೆಯವರ ಮೇಲೆ ಹೋಗುತ್ತದೆ. ನಮ್ಮ ಮೌನದಿಂದ ಆ ಹಕ್ಕು ಸತ್ತುಹೋಗಿದ್ದರೆ ಪರಿಹಾರಕ್ಕೆ ಕತ್ತರಿ ಬೀಳಬಹುದು. ಪೊಲೀಸ್ ದೂರಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಕದ್ದ ವಾಚುಗಳ ನಂಬರುಗಳನ್ನು ದಾಖಲಿಸಿಕೊಳ್ಳುವ ಲಂಡನ್ನಿನ ವಾಚ್ ರಿಜಿಸ್ಟರ್‌ಗೂ ಅದನ್ನು ಕಳಿಸಿ. ಅಲ್ಲಿನ ವ್ಯಾಪಾರಿಗಳು, ಹರಾಜು ಸಂಸ್ಥೆಗಳು ಹಳೆಯ ವಾಚು ಕೊಳ್ಳುವ ಮುನ್ನ ಆ ಪಟ್ಟಿಯಲ್ಲಿ ಹುಡುಕುವುದರಿಂದ, ಕಳೆದು ವರ್ಷಗಳಾದ ಮೇಲೂ ವಾಚು ಯಾರದೋ ಅಂಗಡಿಯಲ್ಲಿ ಪತ್ತೆಯಾಗುವ ಅವಕಾಶ ಉಳಿದಿರುತ್ತದೆ. ಅಷ್ಟರಲ್ಲಿ ವಿಮೆ ಕಂಪನಿ ಪೂರ್ತಿ ಹಣ ಕೊಟ್ಟಿದ್ದರೆ ಸಿಕ್ಕಿದ ವಾಚು ಅವರದಾಗುತ್ತದೆ. ತಂದೆಯ ವಾಚೇ ಬೇಕು ಎನ್ನುವವರು ಕ್ಲೇಮು ಇತ್ಯರ್ಥದ ಕಾಗದಕ್ಕೆ ಸಹಿ ಹಾಕುವ ಮೊದಲೇ, ಸಿಕ್ಕರೆ ಪರಿಹಾರದ ಹಣ ಮರಳಿಸಿ ವಾಚನ್ನು ಪಡೆಯುವ ಹಕ್ಕು ತಮಗಿರಲಿ ಎಂಬ ಒಂದು ಸಾಲನ್ನು ಅದರಲ್ಲಿ ಸೇರಿಸಲು ಕೇಳಬೇಕು.